ವೆಂಕೂಬಾಯಿಗೆ ತಿಳಿಯದ ಒಡಪು

ರಾಣೇಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ, ಒಂದು ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಮಥುರಾಬಾಯಿಗೆ ತಪ್ಪು ಅಂದರೆ ಆಗುತ್ತಿರಲಿಲ್ಲ. ಒಳಗೆ ನಿಂತು ಚಹಾ ಕುದಿಸುತ್ತಿದ್ದರೂ ಹೊರಗೆ ಮಷೀನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುವ ಗದ್ದಲದಲ್ಲಿ ಯಾರ ಕಿರುಬೆರಳು ಮೈಗಳ್ಳತನ ಮಾಡುತ್ತಿದೆ ಎಂಬುದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಅಲ್ಲಿಂದಲೇ ಕೂಗುತ್ತಿದ್ದಳು. ಮದುವೆಯ ಕರೆಯೋಲೆ ಕೈಗೆ ಬಂದರೆ ಮೊದಲು ಅದರಲ್ಲಿನ ಅಚ್ಚಿನ ತಪ್ಪಿಗೆ ಕೆಂಪು ಗೆರೆ ಎಳೆಯುವುದು, ಆಮೇಲೆ ಮದುವೆ ಯಾರದ್ದೆಂದು ನೋಡುವುದು. ಒಮ್ಮೆ ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರು ತಪ್ಪಾಗಿ ಬರೆದಿದ್ದಕ್ಕೆ ಆ ಬಸ್ಸನ್ನೇ ಹತ್ತದೆ ಬಿಟ್ಟು, ಮುಂದಿನ ಬಸ್ಸಿಗೆ ಹಾವೇರಿಗೆ ಹೋದವಳು. ಇಂಥವಳ ಜೊತೆ ಬಾಳುವುದು ಕಷ್ಟವೇ ಸರಿ. ಆದರೆ ಆ ಕಷ್ಟವನ್ನು ಯಾರಿಗೂ ಕೊಟ್ಟಿರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಬಿಡುವು ಸಿಗಲಿಲ್ಲ" ಎನ್ನುತ್ತಿದ್ದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ದುಃಖ ಹುಡುಕಿದವರಿಗೆ ನಿರಾಸೆಯೇ ಆಗುತ್ತಿತ್ತು.

ಹಾವೇರಿ ಜಿಲ್ಲೆಯಾದ ಮೇಲೆ ಆಫೀಸುಗಳು ಹೆಚ್ಚಿದವು. ಆಫೀಸುಗಳಿಗೆ ಕಂಪ್ಯೂಟರ್ ಬಂದವು. ಟೈಪಿಂಗ್ ಕಲಿಯಲು ಬಂದ ಹುಡುಗರು "ಕಂಪ್ಯೂಟರ್ ಇಲ್ಲೇನ್ರಿ?" ಎಂದು ಕೇಳಿ, ಬಂದ ಮೆಟ್ಟಿಲು ಇಳಿದು ಹೋಗತೊಡಗಿದರು. ಮಥುರಾಬಾಯಿಗೆ ರೇಗಿತು. ಹಾವೇರಿಯ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿ, ಮೀಸೆ ಚಿಗುರುತ್ತಿದ್ದ ಹುಡುಗರ ನಡುವೆ ಒಂಬತ್ತು ಗಜದ ಸೀರೆ ಉಟ್ಟು ಕೂತು ಕಲಿತಳು. ಹುಬ್ಬಳ್ಳಿಯಿಂದ ಒಂದು ಕಂಪ್ಯೂಟರ್ ತಂದಳು. ಟೈಪಿಂಗ್ ಕಲಿಸಲು ಅವಳಿಗೆ ನೆರವಾಗುತ್ತಿದ್ದ ಮಾಸುಮಬಿ ಎಂಬವಳು ಅದಕ್ಕೆ ಹಳೆಯ ದುಪಟ್ಟದಿಂದ ಮುಸುಕು ಹೊಲಿದು ಹೊದಿಸಿದಳು.

ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸೀಡಿಯಲ್ಲಿ ಪೈಥಾನ್ ಎಂಬ ಭಾಷೆಯಿತ್ತು. ಯಂತ್ರಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಬರೆದು ತಿಳಿಸುವ ಭಾಷೆ. ಇಂಗ್ಲಿಷಿನಲ್ಲಿ ಅದು ಹೆಬ್ಬಾವಿನ ಹೆಸರು ಎಂದು ಗೊತ್ತಾದಾಗ ಮಾಸುಮಬಿ ದೂರ ಸರಿದು ನಿಂತಳು.

"ಹಾವಿನ ಹೆಸರ ಯಾಕ ಇಟ್ಟಾರ್ರಿ ಬಾಯಾರ?"

"ಕಡಿಯೂದಿಲ್ಲ, ಸುಮ್ಮನ ಸುತ್ತಿಕೊಳ್ತದ" ಎಂದಳು ಮಥುರಾಬಾಯಿ. ಖರೇ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ಅದು ಅವಳನ್ನು ಸುತ್ತಿಕೊಂಡಾಗಿತ್ತು. ಒಂದು ಅಕ್ಷರ ತಪ್ಪಿದರೂ ಒಂದು ಹೆಜ್ಜೆ ಮುಂದಿಡದ ಆ ಭಾಷೆಯಲ್ಲಿ ಅವಳಿಗೆ ತನ್ನದೇ ಸ್ವಭಾವದ ಗೆಳತಿ ಸಿಕ್ಕಿದ್ದಳು.

ಮಥುರಾಬಾಯಿಗೆ ಜಗತ್ತಿನಲ್ಲಿ ಇದ್ದ ಒಂದೇ ಕೊರಗು ಅವಳ ಅಕ್ಕ.

ಅಕ್ಕ ಜಾನಕೀಬಾಯಿಯನ್ನು ಬ್ಯಾಡಗಿಗೆ ಕೊಟ್ಟಿತ್ತು. ಗಂಡ ಅಣ್ಣಾಜಿಯವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾದವರು. ದುಂಡನೆಯ, ಮೆತ್ತನೆಯ ಮನುಷ್ಯ. ಜಾನಕೀಬಾಯಿ ಒಡಪು ಹೇಳುವುದರಲ್ಲಿ ಎತ್ತಿದ ಕೈ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಲೇಬೇಕಾಗಿ ಬಂದರೆ ಎರಡು ಸಾಲಿನ ಪ್ರಾಸ ಕಟ್ಟಿ, ಹೆಸರನ್ನು ಅದರೊಳಗೆ ಸಿಕ್ಕಿಸಿ ಹೇಳಬೇಕು. ಅದೇ ಒಡಪು. ಮದುವೆಯಲ್ಲಿ, ಅರಿಷಿಣ-ಕುಂಕುಮದಲ್ಲಿ ಹೊಸ ಮದುಮಗಳನ್ನು ಬಾಗಿಲಲ್ಲಿ ಅಡ್ಡಗಟ್ಟಿ "ಹೆಸರು ಹೇಳಿ ಒಳಗ ಬಾ" ಎಂದು ಕಾಡುವ ಸಂಭ್ರಮ ಒಂದು ಕಡೆ, ಮದುಮಗಳ ಬೆವರು ಇನ್ನೊಂದು ಕಡೆ. ಆಗೆಲ್ಲ ಮದುಮಗಳ ಕಿವಿಯಲ್ಲಿ ಒಡಪು ಊದುತ್ತಿದ್ದವಳು ಜಾನಕೀಬಾಯಿ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಊರಲ್ಲಿ ಅವಳಿಗೆ ಕರೆ ಬರುತ್ತಿತ್ತು. ಒಮ್ಮೆ ಹೇಳಿದ ಒಡಪನ್ನು ಇನ್ನೊಮ್ಮೆ ಹೇಳಿದವಳಲ್ಲ. ಹಳಸಿದ್ದು ಬಡಿಸಬಾರದು ಎನ್ನುತ್ತಿದ್ದಳು.

ಒಂದು ಕೆಟ್ಟ ಜ್ವರ ಬಂದು, ಜ್ವರ ಇಳಿದು, ಹೋಗುವಾಗ ಎರಡೂ ಕಿವಿಗಳನ್ನು ಜೊತೆಗೆ ಒಯ್ದಿತು. ಹುಬ್ಬಳ್ಳಿಯ ಡಾಕ್ಟರರು ಕೊಟ್ಟ ಕಿವಿಯ ಮಷೀನಿನಲ್ಲಿ ಗಿರಣಿಯ ಸಪ್ಪಳ ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ. ಜಾನಕೀಬಾಯಿ ಅದನ್ನೂ ನಗುತ್ತಲೇ ಸಹಿಸಿದಳು. ಆದರೆ ಆ ವರ್ಷದ ಚೈತ್ರಗೌರಿಯ ಅರಿಷಿಣ-ಕುಂಕುಮಕ್ಕೆ ನೆರೆಮನೆಗೆ ಹೋದಾಗ ಎಲ್ಲರೂ ಒಡಪಿಗೆ ಒತ್ತಾಯ ಮಾಡಿದರು. ತನ್ನ ದನಿ ತನಗೇ ಕೇಳಿಸದ ಕಾರಣ ಅವಳು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಬೀದಿಯಲ್ಲಿ ಹೋಗುತ್ತಿದ್ದ ಚಕ್ಕಡಿಯವನು ಎತ್ತುಗಳನ್ನು ನಿಲ್ಲಿಸಿ ಒಳಗೆ ಇಣುಕಿದ. ಹೆಂಗಸರೆಲ್ಲ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ; ಆದರೆ ಕಿವಿ ಇಲ್ಲದವಳಿಗೆ ನಗುವ ಮುಖಗಳಷ್ಟೇ ಕಾಣುತ್ತವೆ. ಜಾನಕೀಬಾಯಿ ಮನೆಗೆ ಬಂದು ಬಾಯಿ ಮುಚ್ಚಿದಳು. ಗಂಡನ ಹತ್ತಿರವೂ ಮಾತಿಲ್ಲ. ಹಲಗೆಯ ಮೇಲೆ ಬರೆದು ಏನು ಕೇಳಿದರೂ ತಲೆಯಾಡಿಸುವುದು, ಕೈ ತೋರಿಸುವುದು, ಅಷ್ಟೇ. ಪ್ರತಿವರ್ಷ ತನ್ನ ಮನೆಯಲ್ಲಿ ಮಾಡುತ್ತಿದ್ದ ಚೈತ್ರಗೌರಿಯ ಅರಿಷಿಣ-ಕುಂಕುಮವನ್ನೂ ನಿಲ್ಲಿಸಿದಳು.

ಅಣ್ಣಾಜಿಯವರು ಆಗಾಗ ರೈಲಿನಲ್ಲಿ ರಾಣೇಬೆನ್ನೂರಿಗೆ ಬಂದು, ನಾದಿನಿಯ ಟೈಪಿಂಗ್ ಕ್ಲಾಸಿನ ಮೂಲೆಯ ಕುರ್ಚಿಯಲ್ಲಿ ಕೂತು, ಆ ಗದ್ದಲವನ್ನು ಕೇಳುತ್ತಿದ್ದರು.

"ಭಾವ, ತಲಿ ನೋಯೂದಿಲ್ಲೇನ್ರಿ ಈ ಸಪ್ಪಳಕ್ಕ?" ಎಂದು ಮಥುರಾಬಾಯಿ ಕೇಳಿದಳು.

"ಛಲೋ ಅನಸ್ತದ" ಎಂದರು ಅವರು. "ಮನ್ಯಾಗ ಗಡಿಯಾರದ್ದ ಸಪ್ಪಳ ಬಿಟ್ಟರ ಏನೂ ಇಲ್ಲ, ಮಥುರಾ. ಮೊದಲ ಆಕಿ ಮುಂಜಾನೆದ್ದು ಬೈಯಲಿಕ್ಕೆ ಸುರು ಮಾಡಿದ್ಲಂದ್ರ ನಾ ಸಾಲಿಗೆ ಹೋಗೂತನಕ ಮುಗೀತಿದ್ದಿಲ್ಲ. ಈಗ ಬೈಗಳಾದ್ರೂ ಬೇಕಾಗೇದ ನೋಡು."

ಮಥುರಾಬಾಯಿ ಮುಖ ತಿರುಗಿಸಿ ಒಬ್ಬ ಹುಡುಗನ ಬೆರಳಿಗೆ ಸ್ಕೇಲಿನಿಂದ ಮೆಲ್ಲಗೆ ತಟ್ಟಿದಳು. ಅಕ್ಕನ ಬಾಯಿಂದ ಮತ್ತೆ ಮಾತು ಬರಿಸಬೇಕು. ಅಂದಿನಿಂದ ಅವಳ ತಲೆಯಲ್ಲಿ ಬೇರೆ ವಿಚಾರ ಇರಲಿಲ್ಲ.

ಮನುಷ್ಯರು ನಗುತ್ತಾರೆ, ಕಿರಿಚುತ್ತಾರೆ, ಹಲಗೆಯ ಮೇಲೆ ಬರೆದು ಬರೆದು ಬೇಸರಪಡುತ್ತಾರೆ. ಯಂತ್ರ ನಗುವುದಿಲ್ಲ. ಅಕ್ಕನಿಗೆ ಟೈಪಿಂಗ್ ಬರುತ್ತದೆ. ಕ್ಲಾಸು ಶುರುವಾದಾಗ ಮೊದಲ ಶಿಷ್ಯೆ ಅವಳೇ. ಹಾಗಾದರೆ ಅಕ್ಕ ಟೈಪು ಹೊಡೆದದ್ದಕ್ಕೆ ಪರದೆಯ ಮೇಲೆ ಉತ್ತರ ಕೊಡುವ, ಮಾತಿಗೆ ಮಾತು ಕೂಡಿಸುವ ಒಂದು ಪ್ರೋಗ್ರಾಮು ಬರೆದರೆ? ಮೊದಲು ಬೆರಳು ಮಾತಾಡಲಿ, ಬಾಯಿ ಆಮೇಲೆ ಬರುತ್ತದೆ. ಮಥುರಾಬಾಯಿ ಹೀಗೆ ಲೆಕ್ಕ ಹಾಕಿ ಬರೆಯಲು ಕೂತಳು.

ಪ್ರೋಗ್ರಾಮಿಗೆ ವೆಂಕೂಬಾಯಿ ಎಂದು ಹೆಸರಿಟ್ಟಳು. ಅದು ಅವರ ತೀರಿಹೋದ ಸೋದರತ್ತೆಯ ಹೆಸರು. ಯಾರೇ ಎದುರು ಬಂದರೂ ಊಟ, ಪಲ್ಯ, ಮಕ್ಕಳು, ಮಳೆ, ಮಂಡಿನೋವು ಎಲ್ಲ ವಿಚಾರಿಸಿಯೇ ಬಿಡುತ್ತಿದ್ದ ಹೆಂಗಸು. ಯಂತ್ರದ ವೆಂಕೂಬಾಯಿಯೂ ಅದನ್ನೇ ಕೇಳುತ್ತಿದ್ದಳು. ಪರದೆಯ ಮೇಲೆ ಅಕ್ಷರ ಇಂಗ್ಲಿಷು, ಮಾತು ಮಾತ್ರ ನಮ್ಮದು. ಎದುರಿನವರು ಒಂದು ಸಾಲು ಹೊಡೆದರೆ ವೆಂಕೂಬಾಯಿ ಅದನ್ನು ತೊಂಡೆಕಾಯಿ ಹೆಚ್ಚಿದ ಹಾಗೆ ಪದಪದವಾಗಿ ಕತ್ತರಿಸಿ, ತನಗೆ ಗೊತ್ತಿರುವ ಪದ ಯಾವುದಾದರೂ ಸಿಕ್ಕೀತೇ ಎಂದು ನೋಡುತ್ತಿದ್ದಳು. ಪಲ್ಯ ಸಿಕ್ಕರೆ "ಉಪ್ಪು ಸರಿ ಆಗಿತ್ತೇನು?" ಎನ್ನುವುದು. ಮಳೆ ಸಿಕ್ಕರೆ "ಕೆರೆಗೆ ನೀರು ಬಂತೇನು?" ಎನ್ನುವುದು. ಏನೂ ಸಿಗದಿದ್ದರೆ "ಹೌದಾ? ಮುಂದ ಹೇಳು" ಎಂದುಬಿಡುವುದು. ಬದುಕಿದ್ದ ವೆಂಕೂಬಾಯಿಯೂ ಅರ್ಧ ಮಾತು ಹೀಗೆಯೇ ಆಡುತ್ತಿದ್ದದ್ದು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಿಮ್ಮ ಯಜಮಾನರ ಹೆಸರೇನು?" ಎಂದೂ ಒಂದು ಪ್ರಶ್ನೆ ಇತ್ತು. ಸೋದರತ್ತೆ ಅದನ್ನು ಕೇಳದೆ ಯಾರನ್ನೂ ಬಿಟ್ಟವಳಲ್ಲ. ಉತ್ತರದಲ್ಲಿ ಹೆಸರು ಯಾವುದು ಎಂದು ಹಿಡಿಯಲು ಮಥುರಾಬಾಯಿ ಸುಲಭದ ಉಪಾಯ ಮಾಡಿದ್ದಳು. "ನಮ್ಮ ಯಜಮಾನರ ಹೆಸರು ಸದಾಶಿವ" ಎಂದಾರು, ಇಲ್ಲವೇ ಬರಿದೇ "ಸದಾಶಿವ" ಎಂದಾರು. ಹೇಗೆ ಹೇಳಿದರೂ ಹೆಸರು ಕೊನೆಗೇ ಬರುತ್ತದೆ. ಹಾಗಾಗಿ ಕೊನೆಯ ಪದವೇ ಹೆಸರು.

ಮಾಸುಮಬಿ ಒಂದು ಅನುಮಾನ ತೆಗೆದಳು. "ಹೆಣ್ಮಕ್ಕಳು ಗಂಡನ ಹೆಸರ ಹೇಳ್ತಾರೇನ್ರಿ ಬಾಯಾರ? ನಾನೂ ಹೇಳಂಗಿಲ್ಲ. ಹುಡುಗರ ಅಬ್ಬಾ ಅಂತೇನಿ."

"ಬಾಯಿಲೆ ಹೇಳಬಾರದು. ಬೆರಳಿಲೆ ಹೊಡದ್ರ ಏನಾತು?" ಎಂದಳು ಮಥುರಾಬಾಯಿ. ಗಂಡನ ಹೆಸರನ್ನು ಬಚ್ಚಿಡುವ ಪ್ರಸಂಗವೇ ಬರದಿದ್ದವಳಿಗೆ ಆ ಕಷ್ಟ ಅಷ್ಟಕ್ಕಷ್ಟೆ.

ಮೆಣಸಿನಕಾಯಿಯ ಸುಗ್ಗಿ ಜೋರಾಗಿ, ಬ್ಯಾಡಗಿಗೆ ಬ್ಯಾಡಗಿಯೇ ಸೀನುತ್ತಿದ್ದ ದಿನಗಳಲ್ಲಿ ಅಣ್ಣಾಜಿಯವರು ಹೆಂಡತಿಯನ್ನು ರಾಣೇಬೆನ್ನೂರಿಗೆ ಕರೆತಂದರು. ಜಾನಕೀಬಾಯಿ ಯಂತ್ರದ ಮುಂದೆ ಸೆರಗು ಹೊದ್ದು ಕೂತಳು. ಊಟ ಆತೇನು ಎಂದಳು ವೆಂಕೂಬಾಯಿ. ಆಗಿದೆ ಎಂದು ಜಾನಕೀಬಾಯಿ ಹೊಡೆದಳು. ಬೆರಳುಗಳು ಹಳೆಯ ಪಾಠವನ್ನು ಮರೆತಿರಲಿಲ್ಲ. ಏನು ಪಲ್ಯ? ಹೀರೇಕಾಯಿ ಪಲ್ಯ. ಉಪ್ಪು ಸರಿ ಆಗಿತ್ತೇನು? ಜಾನಕೀಬಾಯಿ ಥಟ್ಟನೆ ತಂಗಿಯ ಕಡೆ ನೋಡಿದಳು. ಅವಳ ತುಟಿಯ ಅಂಚಿನಲ್ಲಿ ನಗುವೊಂದು ಬಂದು ಕೂತಿತು. ಮಥುರಾಬಾಯಿಗೆ ಎದ್ದು ಕುಣಿಯಬೇಕೆನಿಸಿತು. ಹಿಂದೆ ನಿಂತಿದ್ದ ಅಣ್ಣಾಜಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಆಗ ವೆಂಕೂಬಾಯಿ ಯಜಮಾನರ ಹೆಸರು ಕೇಳಿದಳು.

ಜಾನಕೀಬಾಯಿಯ ಬೆರಳು ತಡೆದವು. ಮಗುವಿನಂತೆ ಕಣ್ಣು ಮಿನುಗಿತು. ಬಹಳ ದಿನಗಳ ಮೇಲೆ ಯಾರೋ ಬಾಗಿಲಲ್ಲಿ ಅಡ್ಡಗಟ್ಟಿ ಹೆಸರು ಹೇಳು ಎಂದಿದ್ದರು. ಬಾಯಿಗಾದರೇನು, ಬೆರಳಿಗಾದರೇನು, ಮುತ್ತೈದೆಯ ರೀತಿ ರೀತಿಯೇ. ಅವಳು ನಿಧಾನವಾಗಿ, ಒಂದೂ ತಪ್ಪಿಲ್ಲದೆ ಒಡಪು ಹೊಡೆದಳು:

"ಬ್ಯಾಡಗಿ ಪ್ಯಾಟ್ಯಾಗ ಕೆಂಪನ್ನ ಮೆಣಸಿನಕಾಯಿ,
ಅಣ್ಣಾಜಿರಾಯರು ತಂದಾರ ಎಳಿ ಬದನಿಕಾಯಿ."

ವೆಂಕೂಬಾಯಿ ಕತ್ತರಿಸಿದಳು, ಕೊನೆಯ ಪದ ಹಿಡಿದಳು, ಉತ್ತರ ಕೊಟ್ಟಳು: "ಛಲೋ ಹೆಸರು. ಬದನಿಕಾಯಿ ಅವರು ಆರಾಮ ಅದಾರೇನು?"

ಅಣ್ಣಾಜಿಯವರು ನಕ್ಕುಬಿಟ್ಟರು. ದುಂಡಗಿನ ಮನುಷ್ಯ, ಹೆಸರು ಒಪ್ಪುವಂತೆಯೇ ಇತ್ತು. ಮಾಸುಮಬಿಯೂ ನಕ್ಕಳು. ಮಥುರಾಬಾಯಿ ತಡೆಯಲು ನೋಡಿದರೂ ತಡೆಯಲಾಗಲಿಲ್ಲ. ಜಾನಕೀಬಾಯಿ ತಿರುಗಿ ನೋಡಿದಳು. ಮತ್ತೆ ಒಡಪು, ಮತ್ತೆ ನಗುವ ಮುಖಗಳು. ಅವಳು ಕುರ್ಚಿ ಹಿಂದೆ ಸರಿಸಿ ಎದ್ದಳು, ಚಪ್ಪಲಿ ಮೆಟ್ಟಿದಳು. ಮಥುರಾಬಾಯಿ ಹಲಗೆಯ ಮೇಲೆ ಏನೇನೋ ಬರೆದು ತೋರಿಸಿದಳು. ಅಕ್ಕ ಅದರತ್ತ ಕಣ್ಣು ಹಾಯಿಸಲೂ ಇಲ್ಲ. ಸಿಕ್ಕ ಮೊದಲ ರೈಲಿಗೇ ಇಬ್ಬರೂ ಬ್ಯಾಡಗಿಗೆ ಹೋದರು.

ಆ ಸಂಜೆ ಮಥುರಾಬಾಯಿ ಅತ್ತಳು. ಯಂತ್ರ ನಗುವುದಿಲ್ಲ ಎಂದು ತಂದು ಕೂಡಿಸಿ, ತಾನೇ ನಕ್ಕಿದ್ದಳು. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಮರುದಿನ ಮುಂಜಾನೆಯೇ ತಪ್ಪು ಹುಡುಕಲು ಕೂತಳು. ಅದೊಂದು ಕೆಲಸ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ವೆಂಕೂಬಾಯಿ ಏನು ಕೇಳಿಸಿಕೊಂಡಳು ಎಂಬುದನ್ನು ಅವಳ ಬಾಯಿಂದಲೇ ಹೊರಡಿಸಬೇಕು ಎಂದುಕೊಂಡು, ಕತ್ತರಿಸಿದ ಪದಗಳನ್ನೆಲ್ಲ ಒಂದರ ಕೆಳಗೊಂದು ಪರದೆಯ ಮೇಲೆ ತೋರಿಸುವಂತೆ ಮಾಡಿದಳು. ಬ್ಯಾಡಗಿ, ಪ್ಯಾಟ್ಯಾಗ, ಕೆಂಪನ್ನ. ಎಲ್ಲ ಸರಿಯಾಗಿಯೇ ಕತ್ತರಿಸಿತ್ತು. ಅಣ್ಣಾಜಿರಾಯರೂ ನಡುವೆ ಕ್ಷೇಮವಾಗಿ ನಿಂತಿದ್ದರು. ಆದರೆ ವೆಂಕೂಬಾಯಿ ಅವರನ್ನು ದಾಟಿ ನೇರ ಬದನೆಕಾಯಿಗೆ ಹೋಗಿದ್ದಳು. ತಪ್ಪು ಅವಳದ್ದಲ್ಲ. ಕೊನೆಗೆ ಹೋಗು ಎಂದು ಹೇಳಿದವಳು ಮಥುರಾಬಾಯಿ.

ಒಂದೇ ಒಡಪು ನಂಬಿ ತಿದ್ದುವುದು ಬೇಡ ಎಂದು ಬಂದವರನ್ನೆಲ್ಲ ಹಿಡಿದು ಒಡಪು ಹೇಳಿಸತೊಡಗಿದಳು. ಮೇಡ್ಲೇರಿಯಿಂದ ಬೆಣ್ಣೆ ಮಾರಲು ಬರುತ್ತಿದ್ದ ಮೈಲವ್ವ ಬುಟ್ಟಿ ಇಳಿಸಿ, ನಾಚಿಕೊಂಡು, ಬಾಗಿಲಿಗೆ ಬೆನ್ನು ಹಾಕಿ ಹೇಳಿದಳು:

"ಹೊಳಿ ದಂಡಿ ಹೊಲದಾಗ ಬೆಳದೈತಿ ಕಬ್ಬು,
ಗುಡ್ಡಪ್ಪನ ಮಾತಿಗೆ ನಾ ಆಗೇನಿ ತಬ್ಬಿಬ್ಬು."

ಮಾಸುಮಬಿ ಹೊಡೆದಳು. "ತಬ್ಬಿಬ್ಬು ಅವರು ಆರಾಮ ಅದಾರೇನು?" ಎಂದು ಬಂತು. ಓದಿ ಹೇಳಿದಾಗ ಮೈಲವ್ವ ಸೆರಗು ಬಾಯಿಗಿಟ್ಟು ನಕ್ಕು, "ಖರೇ ಐತಿ ಬಿಡ್ರಿ, ಅವರೂ ಹಂಗ ಅದಾರ" ಎಂದು ಬೆಣ್ಣೆ ಒಂದು ಮುದ್ದೆ ಹೆಚ್ಚೇ ಹಾಕಿ ಹೋದಳು. ಸುದ್ದಿ ಹಬ್ಬಿತು. ಮಧ್ಯಾಹ್ನ ಕೆಲಸ ಮುಗಿಸಿದ ಹೆಂಗಸರು ಮೆಟ್ಟಿಲು ಹತ್ತಿ ಬಂದು "ನಮ್ಮವರನ್ನ ಏನಂತದ ನೋಡೂಣು" ಎಂದು ಸಾಲು ಹಚ್ಚಿದರು. ಟೈಪಿಂಗ್ ಹುಡುಗರಿಗೆ ಕೂರಲು ಜಾಗವಿಲ್ಲದಾಯಿತು. ಮಥುರಾಬಾಯಿ ಬೈಯುತ್ತಲೇ ಇದ್ದಳು. ಆದರೆ ಕ್ಲಾಸು ಇಷ್ಟು ತುಂಬಿ ಎಷ್ಟೋ ಕಾಲವಾಗಿತ್ತು, ಅದೂ ಅವಳಿಗೆ ಹಿತವಾಗಿಯೇ ಇತ್ತು.

ಕೊನೆಗೆ ಒಂದು ದಾರಿ ಹೊಳೆಯಿತು. ಪದ ಎಲ್ಲಿದೆ ಎಂದು ನೋಡುವುದು ಬಿಟ್ಟು, ಏನಿದೆ ಎಂದು ನೋಡುವುದು. ತನಗೆ ಗೊತ್ತಿದ್ದ ಗಂಡಸರ ಹೆಸರನ್ನೆಲ್ಲ, ನೆಂಟರು, ಶಿಷ್ಯರು, ಶಿಷ್ಯರ ತಂದೆಯರು, ಓಣಿಯವರು, ಒಬ್ಬರನ್ನೂ ಬಿಡದೆ ವೆಂಕೂಬಾಯಿಗೆ ಕಲಿಸಿದಳು. ಇನ್ನು ಮೇಲೆ ವೆಂಕೂಬಾಯಿ ಒಡಪಿನ ಮೊದಲ ಪದದಿಂದ ಹುಡುಕುತ್ತ ಬಂದು, ಗೊತ್ತಿರುವ ಹೆಸರಿನಿಂದ ಶುರುವಾಗುವ ಪದ ಸಿಕ್ಕ ಕೂಡಲೇ ಅಲ್ಲಿಗೆ ನಿಲ್ಲಬೇಕು. ಅದೇ ಯಜಮಾನರು. ಮೆಣಸಿನಕಾಯಿಯ ಒಡಪು ಹಾಕಿ ನೋಡಿದಳು. "ಅಣ್ಣಾಜಿ ಅವರು ಆರಾಮ ಅದಾರೇನು?" ಎಂದು ಬಂತು. ಗುಡ್ಡಪ್ಪನೂ ಸರಿಯಾಗಿ ಬಂದ. ಮಥುರಾಬಾಯಿ ಕುರ್ಚಿಗೆ ಒರಗಿ ಚಹಾ ತರಿಸಿದಳು. ಇನ್ನು ತಪ್ಪಿಲ್ಲ ಎಂದುಕೊಂಡಳು.

ಮರುದಿನ ಬ್ಯಾಡಗಿಗೆ ಹೋಗಿ ಅಕ್ಕನ ಮುಂದೆ ಹಲಗೆ ಹಿಡಿದಳು: "ನಕ್ಕಿದ್ದು ನನ್ನ ತಪ್ಪು. ಈ ಸಲ ಚೈತ್ರಗೌರಿ ನಿನ್ನ ಮನ್ಯಾಗ ಮಾಡು. ವೆಂಕೂಬಾಯಿನ್ನ ಕರಕೊಂಡು ಬರ್ತೀನಿ. ಆಕಿ ತಿದ್ದಿಕೊಂಡಾಳ." ಜಾನಕೀಬಾಯಿ ಬಹಳ ಹೊತ್ತು ಓದಿದಳು. ಅಣ್ಣಾಜಿಯವರು ಪಾನಕ ನಾನೇ ಮಾಡುತ್ತೇನೆ ಎಂದು ಕೈಸನ್ನೆ ಮಾಡಿ, ನಿಂಬೆಹಣ್ಣು ಹಿಂಡುವುದನ್ನು ಗಾಳಿಯಲ್ಲೇ ಹಿಂಡಿ ತೋರಿಸಿದರು. ಜಾನಕೀಬಾಯಿ ಸೆರಗಿನಿಂದ ಹಲಗೆ ಒರೆಸಿದಳು, ಎದ್ದುಹೋಗಿ ಗೌರಿಯ ಹಿತ್ತಾಳೆಯ ತೊಟ್ಟಿಲನ್ನು ಅಟ್ಟದಿಂದ ಇಳಿಸಿದಳು. ಮಾತು ಮಾತ್ರ ಆಡಲಿಲ್ಲ.

ಅರಿಷಿಣ-ಕುಂಕುಮದ ದಿನ ಕಂಪ್ಯೂಟರ್ ಟೆಂಪೋದಲ್ಲಿ ಬ್ಯಾಡಗಿಗೆ ಬಂತು. ಮೆಣಸಿನಕಾಯಿ ಚೀಲಗಳ ಸಾಲಿನ ನಡುವೆ, ಗಾದಿಯಲ್ಲಿ ಸುತ್ತಿಸಿಕೊಂಡು, ಮಾಸುಮಬಿಯ ತೊಡೆಯ ಮೇಲೆ ತಲೆಯಿಟ್ಟು ಬಂತು. ಟೆಂಪೋದವನು ದಾರಿಯುದ್ದಕ್ಕೂ ಸೀನಿದ. ಗೌರಿಯ ತೊಟ್ಟಿಲಿನ ಪಕ್ಕದ ಬೆಂಚಿನ ಮೇಲೆ ಯಂತ್ರವನ್ನು ಕೂಡಿಸಿದಾಗ ಯಾರೋ ಹಿರಿಯ ಹೆಂಗಸು ಅದಕ್ಕೂ ಕುಂಕುಮ ಹಚ್ಚಿದಳು. ನಡುಮನೆ ತುಂಬ ಹೆಂಗಸರು, ಕೋಸಂಬರಿಯ ಘಮ. ಗಂಡಸರಿಗೆ ಒಳಗೆ ಪ್ರವೇಶವಿಲ್ಲದ್ದರಿಂದ ಅಣ್ಣಾಜಿಯವರು ಹೊರಗಿನ ಕಟ್ಟೆಯ ಮೇಲೆ ಪಾನಕದ ಕೊಳಗದ ಕಾವಲಿಗೆ ಕೂತಿದ್ದರು.

ಮಥುರಾಬಾಯಿ ಮೆಣಸಿನಕಾಯಿಯ ಒಡಪನ್ನು ಇನ್ನೊಮ್ಮೆ ಹಾಕಿ, ಉತ್ತರ ಸರಿ ಬಂದದ್ದು ನೋಡಿಕೊಂಡು, ಅಕ್ಕನನ್ನು ಕರೆದು ಕೂಡಿಸಿದಳು. ಊಟ ಆಯಿತು, ಪಲ್ಯ ಆಯಿತು. ಹೆಂಗಸರು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿದರು. ಓದಲು ಬಾರದವರಿಗೆ ಮಾಸುಮಬಿ ಓದಿ ಹೇಳುತ್ತಿದ್ದಳು. ಯಜಮಾನರ ಹೆಸರೇನು ಎಂದಳು ವೆಂಕೂಬಾಯಿ.

ಜಾನಕೀಬಾಯಿ ಒಮ್ಮೆ ಹೇಳಿದ ಒಡಪು ಇನ್ನೊಮ್ಮೆ ಹೇಳುವವಳಲ್ಲ ಎಂಬುದು ಮೂರೂ ಊರಿಗೆ ಗೊತ್ತಿತ್ತು. ತಂಗಿಗೇ ಆ ಹೊತ್ತಿನಲ್ಲಿ ಮರೆತಿತ್ತು. ಮೇಲಾಗಿ ದೇವಿಯ ಮುಂದೆ, ಹಬ್ಬದ ದಿನ ಹೇಳುವ ಒಡಪಿನಲ್ಲಿ ದೇವರು ಮೊದಲು ಬರಬೇಕು, ಗಂಡ ಆಮೇಲೆ. ಅದು ಒಡಪಿನ ಮರ್ಯಾದೆ. ಜಾನಕೀಬಾಯಿ ಹೊಡೆದಳು:

"ಕಾಗಿನೆಲಿ ಕೇಶವಗ ತುಳಸಿಯ ಮಾಲಿ,
ಅಣ್ಣಾಜಿರಾಯರ ಕೈಯಾಗ ಪಾನಕದ ಪ್ಯಾಲಿ."

ಹೆಂಗಸರೆಲ್ಲ ವಾಹ್ ಎಂದರು. ಮಥುರಾಬಾಯಿಗೆ ಆಗ ನೆನಪಾಯಿತು. ಹೆಸರುಗಳನ್ನು ಕಲಿಸುವಾಗ ಪಕ್ಕದ ಓಣಿಯ ಕೇಶವನನ್ನೂ ಅವಳು ಬಿಟ್ಟಿರಲಿಲ್ಲ. ಕೈ ಚಾಚಿ ತಡೆಯುವಷ್ಟರಲ್ಲಿ ಉತ್ತರ ಬಂದೇಬಿಟ್ಟಿತು: "ಛಲೋ ಹೆಸರು. ನಿಮ್ಮ ಯಜಮಾನರು ಕೇಶವ ಅವರು ಆರಾಮ ಅದಾರೇನು?"

ಮಾಸುಮಬಿ ಅಭ್ಯಾಸಬಲದಿಂದ ಅದನ್ನು ಗಟ್ಟಿಯಾಗಿ ಓದಿಯೂ ಬಿಟ್ಟಳು. ಇಣುಕುತ್ತಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ತುಂಬಿದ ಅರಿಷಿಣ-ಕುಂಕುಮದಲ್ಲಿ, ಗೌರಿಯ ಎದುರು, ಮುತ್ತೈದೆಗೆ ಬೇರೊಬ್ಬ ಗಂಡನನ್ನು ಕಟ್ಟುವುದೆಂದರೆ ಸಣ್ಣ ಮಾತೇ? ಜಾನಕೀಬಾಯಿ ಬಗ್ಗಿ ಪರದೆಯನ್ನು ಓದಿದಳು. ಇನ್ನೊಮ್ಮೆ ಓದಿದಳು. ಮುಖ ಕೆಂಪಾಯಿತು. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತು, ಯಂತ್ರದ ಕಡೆಗೆ ಬೆರಳು ಚಾಚಿದಳು.

"ಕೇಶವ ಅಲ್ಲಾ! ಅಣ್ಣಾಜಿ! ನನ್ನ ಗಂಡನ ಹೆಸರು ಅಣ್ಣಾಜಿ!"

ಆ ದನಿ ಪಡಸಾಲೆ ದಾಟಿತು, ಕಟ್ಟೆ ದಾಟಿತು, ಬೀದಿಯ ಆಚೆ ಮೆಣಸಿನಕಾಯಿ ತುಂಬುತ್ತಿದ್ದ ಹಮಾಲರಿಗೂ ಮುಟ್ಟಿತು. ಪ್ರಾಸವಿಲ್ಲ, ರಾಯರು ಎಂಬುದಿಲ್ಲ, ಬರಿಯ ಹೆಸರು. ಮದುವೆಯಾದಾಗಿನಿಂದ ಅದನ್ನು ಅವಳು ಹಾಗೆ ಹೇಳಿದವಳೇ ಅಲ್ಲ.

ಒಬ್ಬ ಹೊಸ ಸೊಸೆ ತಡೆಯಲಾರದೆ ಕಿಸಕ್ಕೆಂದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಎಲ್ಲರೂ ನ‌ಕ್ಕರು. ಮಥುರಾಬಾಯಿ ಅಕ್ಕನ ಕಡೆ ನೋಡಿದಳು. ಅದೇ ನಗು, ಅದೇ ಹಬ್ಬ. ಅಕ್ಕ ಸುತ್ತಲೂ ಒಂದೊಂದೇ ಮುಖ ನೋಡುತ್ತ ಬಂದಳು. ನೋಡುತ್ತ ನೋಡುತ್ತ ಅವಳ ಕಣ್ಣು ಬಾಗಿಲಿಗೆ ಹೋಗಿ ನಿಂತಿತು.

ಹೆಸರು ಕೇಳಿ ಓಡಿಬಂದಿದ್ದ ಅಣ್ಣಾಜಿಯವರು ಹೊಸ್ತಿಲ ಮೇಲೆ ನಿಂತಿದ್ದರು. ಕೊಳಗವನ್ನು ಹೊರಗೆ ಇಟ್ಟು ಬರಬೇಕೆಂಬುದೂ ಅವರಿಗೆ ಹೊಳೆದಿರಲಿಲ್ಲ. ಅದು ಕೈಯಲ್ಲಿ ವಾಲಿಕೊಂಡು ಪಾನಕ ಧಾರೆಯಾಗಿ ಧೋತರದ ಮೇಲೆ ಸುರಿಯುತ್ತಿತ್ತು.

"ಏನ್ರೀ" ಎಂದಳು ಜಾನಕೀಬಾಯಿ, ಅಷ್ಟೇ ಗಟ್ಟಿಯಾಗಿ. "ಕೊಳಗ ಸೊಟ್ಟ ಹಿಡದೀರಿ. ಪಾನಕೆಲ್ಲಾ ಧೋತರದ ಪಾಲಾತು. ಒಂದು ಕೆಲಸ ನೆಟ್ಟಗ ಬರೂದಿಲ್ಲ ನಿಮಗ."

ಅಣ್ಣಾಜಿಯವರು ಕೊಳಗವನ್ನು ನೆಟ್ಟಗೆ ಮಾಡಲಿಲ್ಲ. ಅದನ್ನು ನೆಲಕ್ಕಿಟ್ಟು, ಗಂಡಸರು ಒಳಗೆ ಬರಬಾರದೆಂಬುದನ್ನೂ ಮರೆತು ಬಂದು, ಗೋಡೆಗೆ ತೂಗಿದ್ದ ಹಲಗೆ ತೆಗೆದು, ಬರೆದು ಹೆಂಡತಿಯ ಮುಂದೆ ಹಿಡಿದರು. "ಇನ್ನೊಮ್ಮೆ ಬೈ" ಎಂದು ಬರೆದಿದ್ದರು.

ಜಾನಕೀಬಾಯಿ ಓದಿದಳು. ಅವರ ಮುಖ ನೋಡಿದಳು, ಒದ್ದೆ ಧೋತರ ನೋಡಿದಳು, ಅಲ್ಲಿಗೆ ಬಂದು ಕೂತಿದ್ದ ನೊಣ ನೋಡಿದಳು. ಆಮೇಲೆ ಅವಳೂ ನಕ್ಕಳು. ನಗುತ್ತಲೇ ಬೈದಳು. ಬೈಯುವುದಕ್ಕೆ ಬಾಕಿ ಬಹಳವಿತ್ತು. ಕೋಸಂಬರಿ ಹಂಚುವ ತನಕ ಮುಗಿಯಲಿಲ್ಲ. ಆ ಸಂಜೆ ಒತ್ತಾಯವಿಲ್ಲದೆ ತಾನಾಗಿಯೇ ಹೊಸ ಸೊಸೆಯಂದಿರನ್ನು ಸಾಲಾಗಿ ಕೂಡಿಸಿಕೊಂಡು ಒಡಪು ಹೇಳಿಕೊಟ್ಟಳು. ಕಿವಿಯಲ್ಲಿ ಊದುವ ಪದ್ಧತಿ ಮಾತ್ರ ಅಂದಿನಿಂದ ನಿಂತಿತು. ಅವಳು ಹೇಳಿಕೊಟ್ಟದ್ದು ಮದುಮಗಳಿಗಿಂತ ಮೊದಲು ಓಣಿಗೇ ಬಾಯಿಪಾಠ ಬರುತ್ತಿತ್ತು.

ಕಂಪ್ಯೂಟರ್ ರಾಣೇಬೆನ್ನೂರಿಗೆ ಮರಳಿತು. ಮಾಸುಮಬಿ ಅದರ ಒಳಹೊಕ್ಕ ಕೆಂಪು ಪುಡಿಯನ್ನು ಒರೆಸುತ್ತ ಹೇಳಿದಳು: "ಬಾಯಾರ, ಮೊದಲ ಸಿಕ್ಕ ಹೆಸರಿಗೆ ನಿಂದ್ರಬ್ಯಾಡ ಅನ್ರಿ. ಕೊನೀಗೆ ಸಿಕ್ಕ ಹೆಸರ ಹಿಡಕೊಂಡ್ರ ಆತು. ದೇವರು ಮುಂದ ಇರ್ತಾನ, ಗಂಡ ಹಿಂದ ಇರ್ತಾನ."

"ಗೊತ್ತದ. ಒಂದು ಸಾಲಿನ ಕೆಲಸ" ಎಂದಳು ಮಥುರಾಬಾಯಿ. ಆ ಸಾಲನ್ನು ಹುಡುಕಿ ತೆಗೆದು ಕೀಲಿಗಳ ಮೇಲೆ ಬೆರಳಿಟ್ಟಳು.

ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಗದ್ದಲ ಕೇಳಿಸಿತು. ಜಾನಕೀಬಾಯಿ ಮತ್ತು ಅಣ್ಣಾಜಿಯವರು ರೈಲಿಳಿದು ಬಂದಿದ್ದರು. ಜಾನಕೀಬಾಯಿ ಕಿರಾಣಿ ಅಂಗಡಿಯವನಿಗೆ ಅವನ ಬೆಲ್ಲದ ಬಣ್ಣದ ಬಗ್ಗೆ ತನ್ನ ಅಭಿಪ್ರಾಯವನ್ನು ಇಡೀ ಸ್ಟೇಷನ್ ರಸ್ತೆಗೆ ಕೇಳುವಂತೆ ಹೇಳುತ್ತಿದ್ದಳು. "ನಡೀರಿ ಲಗೂ" ಎಂದು ಗಂಡನಿಗೆ ಅಂದದ್ದೂ ಕೇಳಿಸಿತು. "ಆ ವೆಂಕೂಬಾಯಿಗೆ ಇವತ್ತರೆ ನಿಮ್ಮ ಹೆಸರು ಕಲಿಸೇ ಬಿಡ್ತೀನಿ. ಎಷ್ಟು ಸಲೆ ಅಣ್ಣಾಜಿ, ಅಣ್ಣಾಜಿ ಅನಬೇಕು ಆಕಿಗೆ?"

ಅಣ್ಣಾಜಿಯವರು ಮೆಟ್ಟಿಲನ್ನು ಎಷ್ಟು ನಿಧಾನವಾಗಿ ಹತ್ತುತ್ತಿದ್ದರೆಂದರೆ, ಆ ಹೆಸರು ಇನ್ನಷ್ಟು ಸಲ ಕೇಳಿಸಲಿ ಎಂದೇ ಹತ್ತುತ್ತಿದ್ದಂತಿತ್ತು.

ಮಥುರಾಬಾಯಿ ಕೀಲಿಗಳ ಮೇಲಿಂದ ಬೆರಳು ತೆಗೆದಳು. ಮಾಸುಮಬಿ ಪರದೆಯನ್ನೂ ಬಾಯಾರನ್ನೂ ನೋಡಿ, ಸುಮ್ಮನೆ ಒಂದು ಕುರ್ಚಿ ತಂದು ಯಂತ್ರದ ಮುಂದೆ ಹಾಕಿದಳು. ಅಷ್ಟು ವರ್ಷ ಊರವರ ತಪ್ಪುಗಳನ್ನೆಲ್ಲ ತಿದ್ದುತ್ತ ಬಂದ ಮಥುರಾಬಾಯಿ ಗೊತ್ತಿದ್ದೂ ತಿದ್ದದೆ ಬಿಟ್ಟ ತಪ್ಪು ಅದೊಂದೇ.